ಯುವಜಗಲಿ: ಕಣ್ಣು ತುಂಬಿತು, ಕಥೆ ಎಲ್ಲಿ?



2022ರ ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ ಗೋರೆಗಾಂವ್‌ನ ನೆರೆಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಆ ಮನೆಯ ಹುಡುಗ ಅಂಧೇರಿಯ ಒಂದು ಗ್ರಾಫಿಕ್ಸ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾನೆ. 'ಕೆ.ಜಿ.ಎಫ್. ಚಾಪ್ಟರ್ 2' ನೋಡಿಕೊಂಡು ಆಗಷ್ಟೇ ಬಂದಿದ್ದ. "ಅಂಕಲ್, ಆ ಗಣಿ, ಆ ಧೂಳು, ಆ ಬೆಂಕಿ! ನೀವು ದೊಡ್ಡ ಪರದೆಯಲ್ಲೇ ನೋಡಬೇಕು" ಎಂದು ಹತ್ತು ನಿಮಿಷ ಬಣ್ಣಿಸಿದ. "ಸರಿ, ಕಥೆ ಏನಪ್ಪ?" ಎಂದೆ.

"ಕಥೆ... ಒಬ್ಬ ಬಡ ಹುಡುಗ. ತಾಯಿಗೆ ಮಾತು ಕೊಟ್ಟಿರುತ್ತಾನೆ. ಬೊಂಬಾಯಿಗೆ ಬಂದು ಡಾನ್ ಆಗುತ್ತಾನೆ..."

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅವನ ಅಜ್ಜಿ ತಲೆಯೆತ್ತಿ, "ಇದು ಅಮಿತಾಭನ ಪಿಕ್ಚರ್ ಅಲ್ವಾ ಮಗಾ? ನಿನ್ನ ಅಜ್ಜನ ಜೊತೆ ಯಾವಾಗಲೋ ನೋಡಿದ್ದೆ" ಎಂದರು. ನಾವೆಲ್ಲ ನಕ್ಕೆವು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಈ ತಿಂಗಳು ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಗ್ರಾಫಿಕ್ಸ್ ಅನ್ನು ಹಳಿಯುವ ಹಿರಿಯರ ಸಾಲಿಗೆ ನಾನು ಸೇರಿದವನಲ್ಲ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಹೊಡೆದಾಟದ ಹತ್ತು ಸೆಕೆಂಡಿನ ದೃಶ್ಯದಲ್ಲಿ ನಟನನ್ನು ಮೇಲೆತ್ತಿದ ಹಗ್ಗವನ್ನು ಅಳಿಸಬೇಕೆಂದರೆ 240 ಚಿತ್ರಗಳನ್ನು ತಿದ್ದಬೇಕು. ಈ ಕೆಲಸವನ್ನು ರಾತ್ರಿಯಿಡೀ ಕುಳಿತು ಮಾಡುವವರು ನಿಮ್ಮಂಥ ಹುಡುಗ ಹುಡುಗಿಯರೇ. ಕೆ.ಜಿ.ಎಫ್. ಮೊದಲ ಭಾಗಕ್ಕೆ (2018) ವಿಶೇಷ ದೃಶ್ಯಪರಿಣಾಮಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದಾಗ ಕನ್ನಡಿಗರಾದ ನಾವೆಲ್ಲ ಹೆಮ್ಮೆಪಟ್ಟೆವು. 1997ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ ಪ್ರೈಮ್ ಫೋಕಸ್ 2014ರಲ್ಲಿ ಲಂಡನ್ನಿನ ಡಬಲ್ ನೆಗೆಟಿವ್ ಸಂಸ್ಥೆಯೊಡನೆ ಒಂದಾಯಿತು. ಡಿ.ಎನ್.ಇ.ಜಿ. ಎಂಬ ಹೆಸರಿನಲ್ಲಿ ಅದು 'ಡ್ಯೂನ್' (2021) ಚಿತ್ರಕ್ಕೆ ಆಸ್ಕರ್ ಕೂಡ ಗೆದ್ದಿತು. ಕೈಚಳಕದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ.

ಈ ಊರಿಗೆ ಈ ವಿದ್ಯೆ ಹೊಸತೂ ಅಲ್ಲ. 1937ರಲ್ಲಿ ವಿಜಯ ಭಟ್ ಅವರ 'ಖ್ವಾಬ್ ಕಿ ದುನಿಯಾ' ಚಿತ್ರಕ್ಕಾಗಿ ಬಾಬುಭಾಯಿ ಮಿಸ್ತ್ರಿ ಎಂಬ ಕುಶಲಿ ಕಪ್ಪು ಪರದೆಯ ಮುಂದೆ ಕಪ್ಪು ದಾರ ಕಟ್ಟಿ ವಸ್ತುಗಳನ್ನು ತಾವಾಗಿಯೇ ಚಲಿಸುವಂತೆ ತೋರಿಸಿದರು. ಜನ ಅವರನ್ನು 'ಕಾಲಾ ಧಾಗಾ' ಎಂದೇ ಕರೆದರು. ಆದರೆ ಅದೃಶ್ಯ ಮನುಷ್ಯನ ಆ ಕಲ್ಪನೆ ಬಂದದ್ದು 1933ರ ಹಾಲಿವುಡ್ ಚಿತ್ರವೊಂದರಿಂದ. ದಾರ ನಮ್ಮದು, ಕಥೆ ಎರವಲು. ಇಂದಿಗೂ ಹಲವು ಸಲ ನಡೆಯುವುದು ಇದೇ ಅಲ್ಲವೇ? ಹಾಲಿವುಡ್ಡಿನಲ್ಲೂ ಪರಿಸ್ಥಿತಿ ಬೇರೆಯಲ್ಲ. 'ಅವತಾರ್' (2009) ಒಂಬತ್ತು ಆಸ್ಕರ್ ನಾಮನಿರ್ದೇಶನ ಪಡೆಯಿತು. ಚಿತ್ರಕಥೆಗೆ ಮಾತ್ರ ಒಂದೂ ಇರಲಿಲ್ಲ.

ಹಾಗಾದರೆ ಹಳೆಯ ಕಥೆ ಹೇಳುವುದೇ ತಪ್ಪೇ? ಖಂಡಿತ ಅಲ್ಲ. ನಮ್ಮ ಯಕ್ಷಗಾನವನ್ನೇ ನೋಡಿ. ಕರ್ಣ ಸಾಯುತ್ತಾನೆಂದು ಸಭೆಯಲ್ಲಿರುವ ಮಗುವಿಗೂ ಗೊತ್ತು. ಆದರೂ ಇವತ್ತಿನ ಕರ್ಣ ಏನು ಮಾತಾಡುತ್ತಾನೆ ಎಂದು ಕೇಳಲು ಜನ ಬೆಳಗಿನವರೆಗೆ ಕೂರುತ್ತಿದ್ದರು. ಪ್ರಸಂಗ ಹಳೆಯದಾದರೂ ಅರ್ಥಧಾರಿ ತಾನು ಕಂಡ ಬದುಕನ್ನು ಅದರಲ್ಲಿ ಸೇರಿಸುತ್ತಿದ್ದ. ಅಜ್ಜಿ ನೆನಪಿಸಿಕೊಂಡ 'ದೀವಾರ್' (1975) ಕೂಡ ಪೂರ್ತಿ ಹೊಸ ಕಥೆಯಲ್ಲ. 'ಮದರ್ ಇಂಡಿಯಾ', 'ಗಂಗಾ ಜಮುನಾ' ಚಿತ್ರಗಳ ನೆರಳು ಅದರ ಮೇಲಿದೆ. ಆದರೆ ಸಲೀಂ-ಜಾವೇದ್ ಆ ಹಳೆಯ ಕಥೆಯನ್ನು ಈ ಊರಿನ ಫುಟ್‌ಪಾತಿಗೆ, ಬಂದರಿನ ಕೂಲಿಯ ಹೆಗಲಿಗೆ ತಂದರು. ನೋಡಿದವರಿಗೆ ಅದು ತಮ್ಮ ಓಣಿಯ ಕಥೆ ಎನಿಸಿತು.

ಕೆ.ಜಿ.ಎಫ್.ನಲ್ಲಿ ನನಗೆ ಸಿಗದಿದ್ದದ್ದು ಇದೇ. ಕೋಲಾರದ ನಿಜವಾದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ತಲೆಮಾರುಗಳಿಂದ ಅದನ್ನೇ ನಂಬಿದ್ದ ಸಂಸಾರಗಳು ಕೆಲಸಕ್ಕಾಗಿ ಬೆಂಗಳೂರಿನ ರೈಲು ಹಿಡಿಯಬೇಕಾಯಿತು. ಚಿತ್ರದಲ್ಲಿ ಗಣಿಯ ಕತ್ತಲೆ ಇದೆ, ಈ ಜನ ಇಲ್ಲ. ಹಾಗೆಯೇ ಚಿತ್ರದ ಬೊಂಬಾಯಿಯಲ್ಲಿ ಕರ್ನಾಟಕದಿಂದ ಬಂದ ಹುಡುಗ ಪಿಸ್ತೂಲು ಹಿಡಿಯುತ್ತಾನೆ. ನಿಮ್ಮ ಅಜ್ಜಂದಿರು ಹಿಡಿದದ್ದು ಹೋಟೆಲಿನ ತಟ್ಟೆ ಲೋಟ! ಹಗಲು ಕಪ್ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ರಾತ್ರಿ ಹೋಟೆಲಿನ ಮೇಜು ಜೋಡಿಸಿ ಅದರ ಮೇಲೆ ಮಲಗಿದವರು ಅವರು. ಮಾತುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ನೀವು ಊಟ ಮಾಡಿರಬಹುದು. ಅಂಥ ಬದುಕುಗಳ ಮೇಲೆ ನೂರು ಕೋಟಿಯ ಚಿತ್ರ ಯಾಕೆ ಬರುವುದಿಲ್ಲ?

ಕಾರಣ ಸರಳ. ನೂರಾರು ಕೋಟಿ ಹಾಕಿದವನಿಗೆ ಅದು ವಾಪಸು ಬರಬೇಕು. ಕನ್ನಡ, ಹಿಂದಿ, ತೆಲುಗು, ತಮಿಳು, ಮಲಯಾಳ ಐದೂ ಭಾಷೆಗಳಲ್ಲಿ ಒಂದೇ ದಿನ ಓಡಬೇಕು. ಆಗ ಎಲ್ಲರಿಗೂ ಮೊದಲೇ ಗೊತ್ತಿರುವ ತಾಯಿ, ಸೇಡು, ಸಿಂಹಾಸನಗಳೇ ಕ್ಷೇಮ. ಹೊಸತನವನ್ನು ಧೂಳು ಬೆಂಕಿಯಲ್ಲಿ ತೋರಿಸಿದರಾಯಿತು. ಲೆಕ್ಕದಲ್ಲಿ ಅವರು ಸೋಲಲಿಲ್ಲ, ಎರಡನೇ ಭಾಗ ಸಾವಿರ ಕೋಟಿ ದಾಟಿತು.

ಆದರೆ ಅದೇ ವರ್ಷ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂತು. ಜಮೀನ್ದಾರನಿಗೂ ಊರಿಗೂ ಜಗಳ ಎಂಬ ಅದರ ಎಳೆ ಹಳೆಯದೇ, ಕೊನೆಯ ಹೊಡೆದಾಟವೂ ನೋಡಿದ್ದೇ. ಆದರೂ ಗಗ್ಗರದ ಸದ್ದು, ಆ ಕೂಗು ಕೇಳಿದಾಗ ಮುಂಬಯಿಯ ಚಿತ್ರಮಂದಿರದಲ್ಲಿ ಕೋಲ ಎಂದರೇನೆಂದು ಅರಿಯದವರೂ ಸ್ತಬ್ಧರಾದರು. ಅದು ಕುಂದಾಪುರ ಕಡೆಯ ರಿಷಬ್ ಶೆಟ್ಟಿ ತಮ್ಮ ಊರಿನಲ್ಲಿ ಕಣ್ಣಾರೆ ಕಂಡು ಬೆಳೆದದ್ದು. ತಾನು ಕಂಡದ್ದನ್ನು ಹೇಳುವವನಿಗೆ ಅಷ್ಟು ಬಲ ಬರುತ್ತದೆ.

ನೀವು ಕಂಡದ್ದು ಏನು? ನಿಮ್ಮ ಊರು ಚಾಳು, ಲೋಕಲ್ ಗಾಡಿ, ಮನೆಯಲ್ಲೊಂದು ಹೊರಗೊಂದು ಭಾಷೆ. ಇದರಲ್ಲಿ ಕಥೆಯಿಲ್ಲ ಎಂದು ತಿಳಿಯಬೇಡಿ. ಯಶವಂತ ಚಿತ್ತಾಲರು 'ಶಿಕಾರಿ' (1979) ಬರೆದದ್ದು ಇದೇ ನಗರವನ್ನು ಕುರಿತು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಇಂಗ್ಲಿಷಿಗೆ ಹೋಗಿ 2018ನೇ ಸಾಲಿನ ಡಿ.ಎಸ್.ಸಿ. ಬಹುಮಾನವನ್ನೇ ತಂದವು. ಕನ್ನಡ ಓದಲು ಬಾರದಿದ್ದರೆ ಅನುವಾದವನ್ನಾದರೂ ಓದಿ.

ಅಂದು ಸಂಜೆಯ ಮಾತು ಇನ್ನೂ ಸ್ವಲ್ಪ ಉಳಿದಿದೆ. ನಗು ಮುಗಿದ ಮೇಲೆ ಅಜ್ಜಿ ತಾನಾಗಿಯೇ ಹೇಳಲು ತೊಡಗಿದರು. ಅಜ್ಜ ಹದಿಮೂರರ ವಯಸ್ಸಿನಲ್ಲಿ ಮನೆಗೆ ಹೇಳದೆ ಹೊರಟು ಬಂದದ್ದು, ಆರು ತಿಂಗಳು ಮನೆಯವರು ಅವರು ಸತ್ತರೆಂದೇ ತಿಳಿದದ್ದು, ಮೊದಲ ಮನಿಯಾರ್ಡರ್ ಬಂದ ದಿನ ಅವರ ತಾಯಿ ಹಣ ಮುಟ್ಟದೆ ರಸೀದಿಯ ಮೇಲಿನ ಕೈಬರಹವನ್ನೇ ನೋಡುತ್ತ ಕುಳಿತದ್ದು. ಹುಡುಗ ಬಾಯಿ ಬಿಟ್ಟು ಕೇಳುತ್ತಿದ್ದ. ಅಷ್ಟರಲ್ಲಿ ಸ್ಟುಡಿಯೋದಿಂದ ಫೋನ್ ಬಂತು. "ಉಳಿದದ್ದು ನಾಳೆ ಅಜ್ಜಿ" ಎಂದು ಎದ್ದು ಹೋದ. ಆ ನಾಳೆ ಬರಲಿಲ್ಲ. ಮರುವರ್ಷ ಅಜ್ಜಿ ತೀರಿಕೊಂಡರು. ಈಗ ಸಿಕ್ಕಾಗಲೆಲ್ಲ ಅವನು, "ಅಂಕಲ್, ಅಜ್ಜ ಯಾಕೆ ಮನೆ ಬಿಟ್ಟರು, ನಿಮಗೇನಾದರೂ ಹೇಳಿದ್ದರೇ?" ಎಂದು ಕೇಳುತ್ತಾನೆ. ನನಗೆ ಗೊತ್ತಿಲ್ಲ.

ಆದ್ದರಿಂದ ಮಿತ್ರರೇ, ಈ ತಿಂಗಳು ಒಂದು ಕೆಲಸ ಮಾಡಿ. ಮನೆಯ ಹಿರಿಯರ ಪಕ್ಕ ಕುಳಿತು, "ನೀವು ಮುಂಬಯಿಗೆ ಬಂದ ಮೊದಲ ದಿನ ಏನಾಯಿತು?" ಎಂದು ಕೇಳಿ. ಫೋನನ್ನು ದೂರವಿಡಿ, ಇಲ್ಲವೇ ಅದರಲ್ಲೇ ಧ್ವನಿ ಮುದ್ರಿಸಿಕೊಳ್ಳಿ. ಕೇಳಿದ್ದನ್ನು ಒಂದು ಪುಟ ಬರೆದು ಸಂಘದ ಕಚೇರಿಗೆ ಕಳುಹಿಸಿ. ಕನ್ನಡ, ತುಳು, ಹಿಂದಿ, ಇಂಗ್ಲಿಷ್ ಯಾವುದಾದರೂ ಸರಿ, ಕನ್ನಡಕ್ಕೆ ತರುವ ಹೊಣೆ ನಮ್ಮದು. ಧೂಳು, ಬೆಂಕಿ ಹುಟ್ಟಿಸುವ ವಿದ್ಯೆ ನಿಮ್ಮ ಕೈಯಲ್ಲಿ ಈಗಾಗಲೇ ಇದೆ. ಅದಕ್ಕೆ ಬೇಕಾದ ಕಥೆ ಬಹುಶಃ ಪಕ್ಕದ ಕೋಣೆಯಲ್ಲೇ ಕುಳಿತಿದೆ. ನಾಳೆ ಎನ್ನಬೇಡಿ.