ಮಂದ ಬೆಳಕಿನ ಮರೆಯ ದಬ್ಬಾಳಿಕೆ

ಅಶ್ಲೀಲ ಚಿತ್ರಗಳ ಪರವಾಗಿ ಒಂದು ನಯವಾದ ವಾದ ಕೇಳಿಬರುತ್ತಿದೆ. ಅವೆಲ್ಲವೂ ಒಂದೇ ಬಗೆಯವಲ್ಲ, ಕಲಾತ್ಮಕವಾದವೂ ಇವೆ. ಅವುಗಳಲ್ಲಿ ಬೆಳಕು, ಸಂಗೀತ, ಭಾವಗಳ ಸಂಯೋಜನೆಯಿದೆ. ಅಲ್ಲಿ ಕಾಣುವ ಯಜಮಾನಿಕೆ ಮತ್ತು ಶರಣಾಗತಿ ಕೇವಲ ಅಭಿನಯ ಎಂಬುದೇ ಆ ವಾದ. ಇದನ್ನು ನಾವು ಕೂಗಾಡಿ ತಳ್ಳಿಹಾಕಬೇಕಾಗಿಲ್ಲ. ನಡೆದ ಸಂಗತಿಗಳ ಮುಂದೆ ನಿಲ್ಲಿಸಿದರೆ ಸಾಕು.

1972ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಡೀಪ್ ಥ್ರೋಟ್' ಚಿತ್ರದ ನಾಯಕಿ ಲಿಂಡಾ ಲವ್‌ಲೇಸ್‌ರ ನಗುವನ್ನು ಲೋಕವು ಸ್ವಾತಂತ್ರ್ಯದ ಕುರುಹೆಂದು ಬಗೆಯಿತು. 1980ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆಕೆ, ಅಂದಿನ ಪತಿಯ ಹೊಡೆತ ಮತ್ತು ಬೆದರಿಕೆಗೆ ಮಣಿದು ನಟಿಸಿದ್ದಾಗಿ ಹೇಳಿದರು. ಆ ಚಿತ್ರ ನೋಡುವವರು ನೋಡುತ್ತಿರುವುದು ತನ್ನ ಮೇಲಿನ ಅತ್ಯಾಚಾರವನ್ನೇ ಎಂದೂ ಮುಂದೆ ಸಾರಿದರು.

ಅದು ಅಗ್ಗದ ಚಿತ್ರವೆಂದು ಹೇಳಿ ಜಾರಿಕೊಳ್ಳುವವರಿಗೆ ಅದೇ ವರ್ಷದ 'ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್' ಇದೆ. ನಿರ್ದೇಶಕ ಬೆರ್ನಾರ್ಡೊ ಬೆರ್ಟೊಲುಚಿ ಮತ್ತು ನಟ ಮಾರ್ಲನ್ ಬ್ರಾಂಡೊ ಇಬ್ಬರೂ ಅದಕ್ಕಾಗಿ ಆಸ್ಕರ್‌ಗೆ ನಾಮಕರಣಗೊಂಡರು. ಚಿತ್ರೀಕರಣದ ವೇಳೆ ನಟಿ ಮರಿಯಾ ಶ್ನೈಡರ್‌ಗೆ 19 ವರ್ಷ. ಅತ್ಯಾಚಾರದ ದೃಶ್ಯದಲ್ಲಿ ಕ್ರಿಯೆ ನಟನೆಯೇ ಆಗಿದ್ದರೂ ತನ್ನ ಕಣ್ಣೀರು ನಿಜವಾದದ್ದೆಂದು ಆಕೆ 2007ರಲ್ಲಿ ಹೇಳಿದರು. ದೃಶ್ಯದ ಒಂದು ವಿವರವನ್ನು ಆಕೆಯಿಂದ ಬೇಕೆಂದೇ ಮುಚ್ಚಿಟ್ಟಿದ್ದಾಗಿ ನಿರ್ದೇಶಕರು 2013ರಲ್ಲಿ ಒಪ್ಪಿಕೊಂಡರು. ಅವರಿಗೆ ಬೇಕಾಗಿದ್ದುದು ನಟಿಯ ಅಭಿನಯವಲ್ಲ, ಒಬ್ಬ ಹುಡುಗಿಯ ನಿಜವಾದ ಅವಮಾನ. ಅಧಿಕಾರವು ತೆರೆಯ ಮೇಲೆ ಮಾತ್ರ ಇತ್ತೆಂದು ಇನ್ನು ಹೇಳುವುದು ಹೇಗೆ?

ಅವು ಹಳೆಯ ಕಾಲದ ಕಥೆಗಳೆನ್ನುವಿರಾ? 2020ರ ಜನವರಿಯಲ್ಲಿ ಸ್ಯಾನ್ ಡಿಯಾಗೋದ ನ್ಯಾಯಾಲಯವೊಂದು 22 ಮಹಿಳೆಯರಿಗೆ ಸುಮಾರು 1.27 ಕೋಟಿ ಡಾಲರ್ ಪರಿಹಾರ ವಿಧಿಸಿತು. ಮಾಡೆಲಿಂಗ್ ಜಾಹೀರಾತಿನಿಂದ ಅವರನ್ನು ಕರೆಸಿ, ದೃಶ್ಯಗಳು ಅಂತರ್ಜಾಲಕ್ಕೆ ಬರುವುದಿಲ್ಲವೆಂದು ನಂಬಿಸಿ ವಂಚಿಸಲಾಗಿತ್ತು.

ಎಲ್ಲರೂ ಬಲವಂತಕ್ಕೆ ಒಳಗಾದವರಲ್ಲ, ಒಪ್ಪಿ ನಟಿಸಿದವರೂ ಇದ್ದಾರೆ ಎಂಬ ಆಕ್ಷೇಪವುಂಟು. ಇರಬಹುದು. ಆದರೆ ನೋಡುವವನಿಗೆ ಅದು ತಿಳಿಯುವುದು ಹೇಗೆ? ಅಭಿನಯದ ನೋವಿಗೂ ನಿಜವಾದ ನೋವಿಗೂ ಇರುವ ಅಂತರವನ್ನು ಅಳಿಸುವುದೇ ಅಲ್ಲಿನ ಬೆಳಕು ಮತ್ತು ಸಂಗೀತದ ಕೆಲಸ. ತಿಳಿಯಲಾಗದೆಯೂ ನೋಡುವವನು ಇನ್ನೊಬ್ಬಳ ಮಾನವನ್ನು ಪಣಕ್ಕಿಟ್ಟು ತನ್ನ ಸುಖವನ್ನು ಪಡೆಯುತ್ತಾನೆ.

ಇಲ್ಲಿ ನಾವು ನಮ್ಮ ಮನೆಗಳತ್ತಲೂ ತಿರುಗಬೇಕಾಗಿದೆ. ಮಗಳ ಉಡುಪು, ಓಡಾಟ, ಗೆಳತಿಯರ ಬಗ್ಗೆ ನಾವು ನೂರು ಪ್ರಶ್ನೆ ಕೇಳುತ್ತೇವೆ. ಮಗನ ಕೈಯಲ್ಲಿರುವ ಮೊಬೈಲಿನ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆದೇಶ ಮೊದಲು ಬಂದಿರುವುದು ಪುರುಷರಿಗೆ, 30ನೆಯ ಸೂಕ್ತದಲ್ಲಿ. ಸ್ತ್ರೀಯರಿಗೆ ಅದರ ನಂತರ. ಆ ಕ್ರಮವನ್ನು ತಲೆಕೆಳಗು ಮಾಡಿದವರು ನಾವು.

ಹರಾಮ್ ಎಂಬ ಒಂದು ಪದದಿಂದ ಮಾತು ಮುಗಿಸಿದ ಮನೆಯಲ್ಲಿ ಬಾಲಕನಿಗೆ ದಾಂಪತ್ಯದ ಪಾಠ ಹೇಳುವುದು ಆ ಪರದೆಯೇ. ಅಲ್ಲಿ ಅವನು ಹೆಣ್ಣಿನ ಹಿಂಜರಿಕೆಯನ್ನು ಒಪ್ಪಿಗೆಯೆಂದು ಓದಲು ಕಲಿಯುತ್ತಾನೆ. ನಾಳೆ ಆ ತಪ್ಪು ಓದಿನ ಫಲವನ್ನು ಉಣ್ಣುವವಳು ಯಾರದೋ ಮನೆಯ ಮಗಳು. ಆದ್ದರಿಂದ ತಂದೆಯಂದಿರು ನಾಚಿಕೆಯನ್ನು ಬದಿಗಿಟ್ಟು ಮಗನೊಡನೆ ಕುಳಿತು ಮಾತಾಡಲಿ. ಲಜ್ಜೆಯು ಈಮಾನಿನ ಭಾಗ ನಿಜ. ಆದರೆ ಹೇಳಬೇಕಾದುದನ್ನು ಹೇಳದಿರುವುದಕ್ಕೆ ಲಜ್ಜೆ ಎಂಬ ಹೆಸರು ಸಲ್ಲದು.