ಕಡತ ಯಾರ ಸ್ವತ್ತು?

ಮಂಡ್ಯದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ಈಗ ವಿಶ್ರಾಂತಿಯಲ್ಲಿರುವ ನನಗೆ ಮರೆವು ಹೊಸದಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವವರ ಗುಂಪಿಗೆ ಸೇರಿದವನು ನಾನು. ಆದಕಾರಣ, ಹನ್ನೆರಡು ವರ್ಷಗಳ ಹಿಂದೆ ನನ್ನ ಮಗ ಮೊಬೈಲಿನಲ್ಲಿ ಟಿಪ್ಪಣಿ ಬರೆದಿಡುವ ಆ್ಯಪ್ ಒಂದನ್ನು ಹಾಕಿಕೊಟ್ಟು, "ಅಪ್ಪಾಜಿ, ಇನ್ನು ಮೇಲೆ ನೀವು ಯಾವುದನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಎಲ್ಲವನ್ನೂ ಇದರಲ್ಲಿ ಬರೆದುಬಿಡಿ" ಎಂದಾಗ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಬರೆದೆ. ಮಾತ್ರೆ ನುಂಗುವ ಹೊತ್ತು, ಚೀಟಿ ಹಣ ಕಟ್ಟುವ ತಾರೀಖು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಡುವ ದಿನ, ಯಾರು ಯಾವ ಪುಸ್ತಕವನ್ನು ಒಯ್ದು ಹಿಂದಿರುಗಿಸಿಲ್ಲ ಎಂಬ ಲೆಕ್ಕ, ಎಲ್ಲವೂ ಅದರಲ್ಲಿ ಸೇರಿದುವು. ಇವೆಲ್ಲ ಹೋದರೆ ಹೋಗಲಿ ಎನ್ನಬಹುದಾದ ಸಂಗತಿಗಳು. ಹಾಗೆನ್ನಲಾಗದ ಒಂದು ಗಂಟೂ ಅದರಲ್ಲಿತ್ತು. ರಜೆಯ ದಿನಗಳಲ್ಲಿ ಮದ್ದೂರು, ಮಳವಳ್ಳಿಗಳ ಕಡೆಯ ಹಳ್ಳಿಗಳಲ್ಲಿ ಅಲೆದು, ಆಲೆಮನೆಯವರ ಬಾಯಲ್ಲಿ ಬಳಕೆಯಲ್ಲಿದ್ದ ಮಾತುಗಳನ್ನು ನಾನು ಕೂಡಿಹಾಕುತ್ತಿದ್ದೆ. ಮಳವಳ್ಳಿಯ ಆಚೆಯ ಹಳ್ಳಿಯೊಂದರಲ್ಲಿದ್ದ ಹಿರಿಯರೊಬ್ಬರು ಬೆಲ್ಲದ ಪಾಕದ ಹದವನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ಕಿವಿಯಿಂದ ಕೇಳಿ ತಿಳಿಯುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸದ್ದು ಬದಲಾದಂತೆಲ್ಲ ಅದಕ್ಕೆ ಅವರಲ್ಲಿ ಬೇರೆ ಬೇರೆ ಹೆಸರಿತ್ತು. ಒಲೆಯ ಪಕ್ಕದಲ್ಲಿ ಕುಳಿತು ನಾನು ಅವನ್ನು ಒಂದೊಂದಾಗಿ ಮೊಬೈಲಿಗೆ ಇಳಿಸಿಕೊಂಡೆ. ಅವರು ಈಗ ಇಲ್ಲ.

ಆ ಆ್ಯಪ್ ಸಹ ಈಗ ಇಲ್ಲ. ಕಂಪೆನಿಯ ಹೆಸರು ಇಲ್ಲಿ ಬೇಡ. ಅದನ್ನು ದೂರುವುದು ನನ್ನ ಉದ್ದೇಶವಲ್ಲ. ಮುಚ್ಚುವ ಮುನ್ನ ಅವರು ಇ-ಮೇಲಿನಲ್ಲಿ ಅರವತ್ತು ದಿನಗಳ ನೋಟೀಸು ಕೊಟ್ಟಿದ್ದರು. ಆ ಅರವತ್ತು ದಿನ ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಅವಳು ಗುಣವಾಗಿ ಮನೆಗೆ ಬಂದಮೇಲೆ, ಮಾತ್ರೆಯ ವೇಳೆಯನ್ನು ನೋಡೋಣವೆಂದು ತೆರೆದರೆ, ಹನ್ನೊಂದು ವರ್ಷಗಳ ಬರವಣಿಗೆಯಿದ್ದ ಜಾಗದಲ್ಲಿ ಧನ್ಯವಾದ ಹೇಳುವ ಒಂದು ಸಾಲು ಮಾತ್ರ ಕಾಣಿಸಿತು.

ಇದು ನನ್ನೊಬ್ಬನ ಪಾಡೆಂದು ಮೊದಲು ಭಾವಿಸಿದ್ದೆ. ವಿಚಾರಿಸಿದಮೇಲೆ, ಈ ದಾರಿಯಲ್ಲಿ ಹೋದವು ಬಹಳವಿವೆ ಎಂದು ತಿಳಿಯಿತು. ಗೂಗಲ್ ಸಂಸ್ಥೆ 2006ರಲ್ಲಿ 'ಗೂಗಲ್ ನೋಟ್‌ಬುಕ್' ಎಂಬುದನ್ನು ತೆರೆಯಿತು; 2009ರಲ್ಲಿ ಅದರ ಬೆಳವಣಿಗೆಯನ್ನು ನಿಲ್ಲಿಸಿತು; 2012ರಲ್ಲಿ ಮುಚ್ಚಿತು. ಅಲ್ಲಿದ್ದ ಬರವಣಿಗೆಯನ್ನು ತನ್ನದೇ ಮತ್ತೊಂದು ಸೇವೆಗೆ ಸಾಗಿಸಿಕೊಟ್ಟಿತೆಂಬುದನ್ನೂ ಹೇಳಬೇಕು. ಟಿಪ್ಪಣಿ, ಪುಸ್ತಕಪಟ್ಟಿ, ಅಡಿಗೆಯ ವಿಧಾನ ಮುಂತಾದುವನ್ನು ಜೋಡಿಸಿಡುತ್ತಿದ್ದ 'ಸ್ಪ್ರಿಂಗ್‌ಪ್ಯಾಡ್' 2008ರಲ್ಲಿ ಹುಟ್ಟಿ 2014ರ ಜೂನ್ ತಿಂಗಳಲ್ಲಿ ಮುಗಿಯಿತು. ಬರ್ಲಿನ್ ನಗರದಲ್ಲಿ ಹುಟ್ಟಿದ 'ವುಂಡರ್‌ಲಿಸ್ಟ್' ಬಹುಜನರಿಗೆ ಪ್ರಿಯವಾಗಿತ್ತು. ಅದನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಮುಚ್ಚುವ ಸುದ್ದಿ ಹಬ್ಬಿದಾಗ, ಕಟ್ಟಿದವನೇ ಅದನ್ನು ಮರಳಿ ಕೊಂಡುಕೊಳ್ಳುತ್ತೇನೆಂದು 2019ರಲ್ಲಿ ಬಹಿರಂಗವಾಗಿ ಕೇಳಿದನು. ಆದರೂ 2020ರ ಮೇ 6ರಂದು ಅದು ನಿಂತಿತು. ಮಕ್ಕಳನ್ನು ಸಾಕುಮನೆಗೆ ಕೊಟ್ಟ ತಂದೆಯ ಮಾತು ಅಷ್ಟೇ ನಡೆಯುತ್ತದೆ.

"ಬಿಟ್ಟಿ ಸಿಕ್ಕಿದ್ದಕ್ಕೆ ಇಷ್ಟೇಕೆ ಗೋಳು?" ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಬರವಣಿಗೆಯನ್ನು ಕಾಯುವ ಯಂತ್ರಗಳಿಗೆ ವಿದ್ಯುತ್ತು ಬೇಕು, ಆಳುಕಾಳು ಬೇಕು. ವರಮಾನವಿಲ್ಲದ ಅಂಗಡಿಯನ್ನು ಯಾರೂ ಬಹುಕಾಲ ತೆರೆದಿಡಲಾರರು. ಅಂಗಡಿ ಮುಚ್ಚುವ ಹಕ್ಕು ಅಂಗಡಿಯವನದು. ಎಲ್ಲ ಬರವಣಿಗೆಯೂ ಒಂದಲ್ಲ ಒಂದು ದಿನ ಅಳಿಯತಕ್ಕದ್ದೇ ಎಂಬ ವೇದಾಂತವೂ ಉಂಟು. ಓಲೆಗರಿಯನ್ನು ಹುಳು ತಿನ್ನಲಿಲ್ಲವೆ? ಕಾಗದವನ್ನು ಗೆದ್ದಲು ಬಿಟ್ಟಿತೆ?

ಒಪ್ಪಿದೆ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಹಳೆಯ ಮೈಸೂರು ಸೀಮೆಯಲ್ಲಿ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕರಿಯ ಮೈಯ ಮೇಲೆ ಬಳಪದಿಂದ ಬರೆಯುವುದು ಕ್ರಮ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಮಾರ್ಕ್ ವಿಲ್ಕ್ಸನು ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಇದನ್ನು ವರ್ಣಿಸಿದ್ದಾನೆ. ಆ ಗ್ರಂಥದ ಮೊದಲ ಸಂಪುಟ ಹೊರಬಂದದ್ದು 1810ರಲ್ಲಿ. ಕಾಗದ ಅಗ್ಗವಾದಮೇಲೆ ಕಡತ ಬಳಕೆಯಿಂದ ಬಿದ್ದುಹೋಯಿತು. ಈಗಿನ ಮಾತಿನಲ್ಲಿ ಹೇಳುವುದಾದರೆ, ಆ ಸೇವೆ ನಿಂತಿತು. ಹಾಗೆ ನಿಂತಾಗ ಯಾರೂ ಮನೆಮನೆಗೆ ಬಂದು, ಗೂಡಿನಲ್ಲಿದ್ದ ಕಡತವನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ ಹೋಗಲಿಲ್ಲ. ಒರೆಸಿದರೆ ಅಳಿಯುವಂಥ ಬರವಣಿಗೆಯೇ ಆದರೂ ಒರೆಸುವ ಕೈ ಬರೆದವನದಾಗಿತ್ತು. ಆದಕಾರಣವೇ ಶೃಂಗೇರಿ ಮಠದ ಕಡತಗಳು ಉಳಿದುಬಂದು ಇತಿಹಾಸಕಾರರಿಗೆ ಆಧಾರವಾದುವು. ವಸ್ತು ಹೋದಮೇಲೂ ಹೆಸರು ನಿಂತಿದೆ: ನಮ್ಮ ಕಚೇರಿಗಳ ಫೈಲಿಗೆ ಇಂದಿಗೂ ಕಡತವೆಂದೇ ಕರೆಯುತ್ತೇವೆ.

ನನ್ನ ಜಿಲ್ಲೆಯ ಮತ್ತೊಂದು ಟಿಪ್ಪಣಿಯನ್ನು ನೋಡಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ತಕ್ಕೋಲದ ಕಾಳಗ ನಡೆದ ಕ್ರಿ.ಶ. 949ರ ಹೊತ್ತಿನಲ್ಲಿ, ಒಂದು ಕಲ್ಲನ್ನು ನಿಲ್ಲಿಸಿದರು. ಗಂಗರ ಬೂತುಗನಿಂದ ಮಣಲೇರನು ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ, ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತದ್ದನ್ನು ಅದು ಹೇಳುತ್ತದೆ. ಸಾವಿರ ವರ್ಷಗಳಾದುವು. ಗಂಗರು ಹೋದರು, ರಾಷ್ಟ್ರಕೂಟರು ಹೋದರು. ನಾಯಿಯ ಹೆಸರು ಉಳಿಯಿತು. ಆ ಕಲ್ಲು ಊರು ಬಿಟ್ಟು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಹೋದರೂ ಅದರ ಅಕ್ಷರ ಹಾಗೆಯೇ ಇದೆ. ಎಲ್ಲರ ಟಿಪ್ಪಣಿಯೂ ಕಲ್ಲಿನ ಮೇಲಾಗಬೇಕೆಂದು ನಾನು ಹೇಳುತ್ತಿಲ್ಲ. ಬರೆಸಿದ ದೊರೆತನ ಮುಗಿದ ದಿನವೇ ಬರೆದದ್ದೂ ಮುಗಿಯಬಾರದು, ಇಷ್ಟೇ ನನ್ನ ವಾದ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ಕಾನೂನಿನ ಕೆಲಸ. ತಾನು ಕೊಟ್ಟ ಮಾಹಿತಿಯನ್ನು ಯಂತ್ರವೂ ಓದಬಲ್ಲ ರೂಪದಲ್ಲಿ ಮರಳಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕನ್ನು ಯೂರೋಪಿನ ಒಕ್ಕೂಟ 2018ರಿಂದ ತನ್ನ ಪ್ರಜೆಗಳಿಗೆ ಕೊಟ್ಟಿದೆ. ನಮ್ಮ ಲೋಕಸಭೆಯ ಮುಂದೆ 2019ರಲ್ಲಿ ಬಂದ ಮಸೂದೆಯಲ್ಲಿಯೂ ಅಂಥ ಒಂದು ಹಕ್ಕು ಇತ್ತು. ಆ ಮಸೂದೆಯನ್ನು 2022ರಲ್ಲಿ ಹಿಂತೆಗೆದುಕೊಂಡರು. ಅದರ ಬದಲಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ತಿದ್ದಿಸುವ ಹಕ್ಕುಂಟು, ಅಳಿಸಿಹಾಕಿಸುವ ಹಕ್ಕೂ ಉಂಟು. ಒಯ್ಯುವ ಹಕ್ಕು ಮಾತ್ರ ಇಲ್ಲ. ಅಳಿಸಲು ಹಕ್ಕಿರುವ ನನಗೆ ಉಳಿಸಿಕೊಳ್ಳಲು ಹಕ್ಕಿಲ್ಲವೆಂಬುದು ವಿಚಿತ್ರವಲ್ಲವೆ? ಅದನ್ನು ಮತ್ತೆ ಸೇರಿಸಬೇಕು.

ಎರಡನೆಯದು ಕನ್ನಡದವರ ವಿಶೇಷ ಕಷ್ಟ. ಕೆಲವು ಕಡೆ ಬರವಣಿಗೆಯನ್ನು ಹಿಂದಿರುಗಿಸುವಾಗ ನಮ್ಮ ಒತ್ತಕ್ಷರಗಳು ಚದುರಿ, ಓದಲಾಗದ ರಾಶಿಯಾಗಿ ಬರುತ್ತವೆ. ಯೂನಿಕೋಡ್ ನೆಲೆಗೊಳ್ಳುವ ಮುಂಚೆ 'ನುಡಿ', 'ಬರಹ'ಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟವರಿಗೆ ಈ ಅನುಭವ ಹೊಸದಲ್ಲ: ಫಾಂಟು ಇಲ್ಲದ ಯಂತ್ರದಲ್ಲಿ ಅವರ ಕನ್ನಡ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಕನ್ನಡವನ್ನು ಕನ್ನಡವಾಗಿಯೇ ಮರಳಿ ಕೊಡದಿದ್ದರೆ ಕೊಟ್ಟಂತೆ ಅಲ್ಲ.

ಮೂರನೆಯದು ನಮ್ಮದೇ ಕೆಲಸ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು, ರಾತ್ರಿಯೆಲ್ಲ ಹಾಡುವಷ್ಟು ದೊಡ್ಡ ಕಾವ್ಯವನ್ನು ಕಂಠದಲ್ಲಿ ಇಟ್ಟುಕೊಂಡು ಬಂದರು. ಒಬ್ಬರ ಕಂಠದಲ್ಲಿ ಮಾತ್ರ ಇದ್ದಿದ್ದರೆ ಅದು ಒಂದು ತಲೆಮಾರಿಗೆ ಮುಗಿಯುತ್ತಿತ್ತು. ಇನ್ನೊಬ್ಬರಿಗೆ ಕಲಿಸಿದ್ದರಿಂದ ಉಳಿಯಿತು. ಓಲೆಗರಿಯ ಕಾವ್ಯಗಳು ನಮ್ಮ ಕೈಸೇರಿದ್ದೂ ಪ್ರತಿಯಿಂದ ಪ್ರತಿ ಮಾಡುತ್ತ ಬಂದವರ ಬೆರಳ ನೋವಿನಿಂದ. ನಾನು ಮಾಡದಿದ್ದ ಕೆಲಸ ಅದೇ. ಕಂಪೆನಿ ಮುಚ್ಚಿದ್ದು ಅದರ ವ್ಯವಹಾರ. ಪ್ರತಿ ಮಾಡಿಡದೆ ಹನ್ನೊಂದು ವರ್ಷ ಕಳೆದದ್ದು ನನ್ನ ಸೋಮಾರಿತನ.

ಆ ಸೋಮಾರಿತನದಿಂದ ನನ್ನನ್ನು ಸ್ವಲ್ಪಮಟ್ಟಿಗೆ ಪಾರುಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಮದ್ದೂರಿನ ಹತ್ತಿರ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ನನ್ನ ಗೋಳನ್ನು ಯಾರಿಂದಲೋ ಕೇಳಿ, ಕಳೆದ ತಿಂಗಳು ಮನೆಗೆ ಬಂದಳು. ಕೈಯಲ್ಲಿ ರಟ್ಟು ಕಿತ್ತ ಒಂದು ನೋಟುಬುಕ್ಕು. ಎಂದೋ ತರಗತಿಯಲ್ಲಿ, ಗ್ರಾಮ್ಯದ ಸೊಗಸನ್ನು ತೋರಿಸಲೆಂದು, ಆಲೆಮನೆಯ ಕೆಲವು ಮಾತುಗಳನ್ನು ನಾನು ಹೇಳಿ ಬರೆಸಿದ್ದೆನಂತೆ. ನಾನು ಅದನ್ನು ಮರೆತಿದ್ದೆ. "ಸಾರ್, ಇದರಲ್ಲಿ ಮೂವತ್ತೆಂಟು ಇವೆ. ಮಿಕ್ಕವು ನೆನಪಿದ್ದರೆ ಹೇಳಿ, ಬರೆದುಕೊಳ್ಳುತ್ತೇನೆ" ಎಂದು ಪೆನ್ನು ತೆರೆದು ಕುಳಿತಳು.

ಸಂಜೆಯವರೆಗೆ ಕುಳಿತರೂ ನನಗೆ ನೆನಪಾದುವು ಏಳು. ಪಾಕದ ಸದ್ದಿನ ಹೆಸರುಗಳಲ್ಲಿ ಎರಡೇ ದೊರೆತುವು. ಉಳಿದವನ್ನು ಬಲ್ಲವರು ಆ ಹಿರಿಯರ ವಾರಿಗೆಯವರಲ್ಲಿ ಇನ್ನೂ ಒಬ್ಬಿಬ್ಬರು ಇರಬಹುದು. ಮುಂದಿನ ಭಾನುವಾರ ಇಬ್ಬರೂ ಮಳವಳ್ಳಿಯ ಬಸ್ಸು ಹತ್ತಬೇಕೆಂದಿದ್ದೇವೆ. ಮೊಬೈಲ್ ಜೊತೆಗಿರುತ್ತದೆ, ಅದರ ಮೇಲೆ ನನಗೆ ಹಗೆಯಿಲ್ಲ. ಆದರೆ ನೋಟುಬುಕ್ಕುಗಳೂ ಎರಡಿರುತ್ತವೆ: ಒಂದು ನನ್ನ ಕೈಯಲ್ಲಿ, ಒಂದು ಅವಳ ಕೈಯಲ್ಲಿ.