ಆ ಚುಕ್ಕಿಗಳ ಪಕ್ಕ ಹೆಸರು ಬರೆಯೋಣ

ಕಲಬುರಗಿಯ ಕುಸನೂರಿನ ನಮ್ಮ ಓಣಿಯಲ್ಲಿ ಎಂ.ಎಸ್ಸಿ. ಓದುವ ಹುಡುಗನೊಬ್ಬ ಮೊನ್ನೆ ಲ್ಯಾಪ್‌ಟಾಪ್ ತೆರೆದು ಅರಬ್ಬಿ ಸಮುದ್ರ ತೋರಿಸಿದ. ಪರದೆ ತುಂಬ ಕಪ್ಪು, ಅದರ ಮೇಲೆ ಜೋಳ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು. ಅವು ಬಾಂಬೆ ಹೈ ಕಡೆಯ ತೈಲ ಪ್ಲಾಟ್‌ಫಾರ್ಮ್‌ಗಳು ಎಂದ. ಪಕ್ಕದ ಮನೆಯ ಅಕ್ಕನೂ ಬಂದು ಕೂತಳು. ಆಕೆಯ ಮಗ ಮುಂಬೈಯಲ್ಲಿ ವೆಲ್ಡರ್, ಕರೆ ಬಂದಾಗ ಸಮುದ್ರದೊಳಗಿನ ಕೆಲಸಕ್ಕೂ ಹೋಗುತ್ತಾನೆ. ಅವನು ತೋರಿಸಿದ ಇನ್ನೊಂದು, ರಾತ್ರಿಯ ಚಿತ್ರದಲ್ಲಿ ನಿಗಿನಿಗಿ ಉರಿಯುವುದೇನು ಎಂದು ಕೇಳಿದಳು. ಬಾವಿಯಿಂದ ಬಂದ ಹೆಚ್ಚಿನ ಗ್ಯಾಸ್ ಸುಡುತ್ತಾರೆ ಎಂದ ಹುಡುಗ. ಅಕ್ಕನಿಗೆ ಸಿಟ್ಟೇ ಬಂತು: “ಸುಮ್‌ಸುಮ್ಮನ ಸುಡ್ತಾರ? ಸಿಲಿಂಡರ್ ತುಟ್ಟಿ ಆಗ್ಯದಂತ ನಾ ಇಲ್ಲಿ ಕಟ್ಟಿಗಿ ಹಚ್ಲತ್ತೀನಿ!”

ನಕ್ಕೆವು. ಮಗ ಈಗ ಯಾವ ಚುಕ್ಕಿಯ ಮೇಲಿದ್ದಾನೆ ಎಂದು ಕೇಳಿದೆ. ಅಕ್ಕ ಒಳಗೆ ಹೋಗಿ ಕ್ಯಾಲೆಂಡರ್ ತಂದಳು. ಅಮಾವಾಸ್ಯೆಯ ಮನೆಯಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಮೊಬೈಲ್ ನಂಬರು. ಕೆಲಸಕ್ಕೆ ಜನ ಒಯ್ಯುವ ಮುಕಾದಮನದು. ಅವನ ಹೆಸರಿಲ್ಲ, ಕಂಪನಿಯ ಹೆಸರಿಲ್ಲ.

ಚುಕ್ಕಿ ಹುಡುಕುವ ಬಗೆ ಮಾತ್ರ ಎಷ್ಟು ಚೊಕ್ಕ ನೋಡಿ. ಯುರೋಪಿನ ಸೆಂಟಿನೆಲ್-1 ಉಪಗ್ರಹ 2014ರಿಂದ ಸುಮಾರು 693 ಕಿಲೋಮೀಟರ್ ಎತ್ತರದಿಂದ ರಾಡಾರ್ ಅಲೆ ಬಿಡುತ್ತಿದೆ. ರಾತ್ರಿಯಾದರೇನು, ಮೋಡ ಕವಿದರೇನು. ನೀರು ಅಲೆಯನ್ನು ಅತ್ತ ಜಾರಿಸಿ ಕಪ್ಪಾಗಿ ಕಾಣುತ್ತದೆ, ಉಕ್ಕು ಅದನ್ನು ಮರಳಿ ಎಸೆದು ಬಿಳುಪಾಗುತ್ತದೆ. ಹಡಗೂ ಹೀಗೇ ಕಾಣುತ್ತದೆ. ಆದರೆ ಅದು ನಾಳೆಗೆ ಅಲ್ಲಿರುವುದಿಲ್ಲ. ತಿಂಗಳುಗಟ್ಟಲೆಯ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟಾಗ ಜಾಗ ಬಿಡದೆ ಉಳಿದದ್ದೇ ಪ್ಲಾಟ್‌ಫಾರ್ಮ್. ಈ ಚಿತ್ರಗಳು ಪುಕ್ಕಟೆ. ನಮ್ಮ ಇಸ್ರೋ ಕೂಡ ಇಂಥವೇ ರಾಡಾರ್ ಉಪಗ್ರಹಗಳನ್ನು ಬಿಟ್ಟಿದೆ: 2022ರಲ್ಲಿ ಇಒಎಸ್-04 ಹಾರಿಸಿತು, 2025ರ ಜುಲೈಯಲ್ಲಿ ನಾಸಾ ಜೊತೆಗೂಡಿ ನಿಸಾರ್ ಕಳಿಸಿತು. ಉಕ್ಕು ಇನ್ನು ಎಲ್ಲಿಯೂ ಅಡಗಲಾರದು.

ಉಕ್ಕಿನ ಮೇಲೆ ನಿಂತವನ ಗತಿ?

2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನೆನೆಯಿರಿ. ಉಪಗ್ರಹಗಳು ಅದನ್ನು ಗಂಟೆ ಗಂಟೆಗೂ ನೋಡುತ್ತಿದ್ದವು, ಹವಾಮಾನ ಇಲಾಖೆ ದಿನಗಳ ಮುಂಚೆಯೇ ಎಚ್ಚರಿಸಿತ್ತು. ಆದರೂ ತೈಲಕ್ಷೇತ್ರದ ಕೆಲಸಗಾರರು ಉಳಿದುಕೊಳ್ಳುವ ಪಿ-305 ಎಂಬ ಬಾರ್ಜ್ ಬಂದರಿಗೆ ಮರಳಲಿಲ್ಲ. ಲಂಗರು ಕಿತ್ತು, ಜನರಿಲ್ಲದ ಒಂದು ಪ್ಲಾಟ್‌ಫಾರ್ಮಿಗೆ ಬಡಿದು ಮೇ 17ರ ಸಂಜೆ ಮುಳುಗಿತು. ಅದರಲ್ಲೂ, ಅದೇ ಗಾಳಿಗೆ ಸಿಕ್ಕಿದ ವರಪ್ರದಾ ಎಂಬ ಟಗ್‌ನಲ್ಲೂ ಸೇರಿ 274 ಜನರಿದ್ದರು. ನೌಕಾಪಡೆ ಆ ಅಲೆಗಳಲ್ಲಿ ಇಳಿದು 188 ಜನರನ್ನು ಎತ್ತಿತು. 86 ಜನ ಸತ್ತರು. ಗುರುತೇ ಸಿಗದ ಹೆಣಗಳಿಗೆ ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು. ಆಕಾಶದಿಂದ ಕಣ್ಣು ನೆಟ್ಟ ದೇಶದಲ್ಲಿ, ಸತ್ತವನು ಯಾರೆಂದು ರಕ್ತ ಕೇಳಿ ತಿಳಿಯುವ ಗತಿ! ನನಗಂತೂ ಇದಕ್ಕಿಂತ ನಾಚಿಕೆಯ ವಿಷಯ ಹೊಳೆಯದು.

ಬೇರೆ ರಾಜ್ಯಕ್ಕೆ ದುಡಿಯಲು ಒಯ್ದವನಿಗೆ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಕೆಲಸದ ಜಾಗ ಮತ್ತು ಕೂಲಿ ಅದರಲ್ಲಿ ಬರೆಯಬೇಕು ಎಂದು 1979ರ ಕಾಯ್ದೆಯೇ ಹೇಳಿತ್ತು. ಅಕ್ಕನ ಮನೆಯಲ್ಲಿ ಅಂಥ ಪುಸ್ತಕ ನಾನು ನೋಡಲಿಲ್ಲ. ನಿಮ್ಮ ಮನೆಯಲ್ಲಿದೆಯೇ?

ಕಲಬುರಗಿಯ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಹುಡುಗರನ್ನು ನಾವೇ ಬುತ್ತಿ ಕಟ್ಟಿ ಕಳಿಸುತ್ತೇವೆ. ರೊಟ್ಟಿ ಎಷ್ಟು, ಶೇಂಗಾ ಹಿಂಡಿ ಎಷ್ಟು ಎಂಬ ಲೆಕ್ಕವಿರುತ್ತದೆ, ಎಲ್ಲಿ ಇಳಿಸುತ್ತಾರೆ ಎಂಬ ಲೆಕ್ಕವಿಲ್ಲ. ಗುತ್ತಿಗೆದಾರರೇ, ನಮ್ಮ ಹುಡುಗ ಯಾವ ಪ್ಲಾಟ್‌ಫಾರ್ಮಿನಲ್ಲಿ, ಯಾವ ಬಾರ್ಜಿನಲ್ಲಿದ್ದಾನೆಂದು ಮನೆಗೆ ಬರೆದು ತಿಳಿಸಿ. ಅಧಿಕಾರಿಗಳೇ, ಚಂಡಮಾರುತದ ಎಚ್ಚರಿಕೆ ಬಂದ ದಿನ ಆ ಹೆಸರುಗಳ ಪಟ್ಟಿ ಅವರವರ ಜಿಲ್ಲೆಗೂ ತಲುಪಲಿ, ಜನ ದಡಕ್ಕೆ ಬಂದರೇ ಎಂದು ಒಬ್ಬರಾದರೂ ಫೋನ್ ಮಾಡಿ ಕೇಳಲಿ. ನಮ್ಮ ವಿಶ್ವವಿದ್ಯಾಲಯದ ಜ್ಞಾನಗಂಗೆ ಕ್ಯಾಂಪಸ್ಸಿನ ವಿದ್ಯಾರ್ಥಿಗಳೇ, ಚುಕ್ಕಿ ಎಣಿಸುವ ವಿದ್ಯೆ ಕಲಿತಿದ್ದೀರಿ. ನಾವು ಹೆಸರು ತಂದು ಕೊಡುತ್ತೇವೆ, ನೀವು ನಕ್ಷೆಯಲ್ಲಿ ಕೂಡಿಸಿ.

ಬರುವ ಭಾನುವಾರ ನಮ್ಮ ಓಣಿಯಿಂದಲೇ ಶುರು. ಮನೆ ಮನೆಗೆ ಹೋಗಿ, ಯಾರು, ಎಲ್ಲಿ, ಯಾರ ಕೈಕೆಳಗೆ ಎಂದು ಬರೆದುಕೊಳ್ಳುವುದು. ಮೊದಲ ಹೆಸರು ಅಕ್ಕನ ಮಗನದು. ನೂರು ಹಾಳೆಯ ನೋಟ್‌ಬುಕ್ ಒಂದು ತಂದಿಟ್ಟಿದ್ದೇನೆ. ನೀವು ಪೆನ್ನು ತನ್ನಿ.